ವಿಜಯನಗರದ ಗುಲಾಬಿಯೂ ನಮ್ಮ ವಸಂತವೂ



ಬಳ್ಳಾರಿಯೆಂದರೆ ಬಂಡೆಯ ಬೆಟ್ಟ, ಬಿರಿದ ಎರೆಭೂಮಿ, ಫಾಲ್ಗುಣದಲ್ಲಿಯೇ ಉರಿಯತೊಡಗುವ ಬಿಸಿಲು. ಹೂದೋಟವೆಂಬುದು ಬೆಂಗಳೂರಿನ ಲಾಲ್‌ಬಾಗಿಗೆ ಮೀಸಲಾದ ವೈಭವ ಎಂಬ ಮಾತನ್ನು ಕೇಳಿದಾಗಲೆಲ್ಲ ನನ್ನ ಮನಸ್ಸು ವ್ಯಥೆಗೊಳ್ಳುತ್ತದೆ. ಇದೇ ಸೀಮೆಯ ಜನ ಹೂವನ್ನು ಅನ್ನದಷ್ಟೇ ಅವಶ್ಯಕವೆಂದೆಣಿಸಿ ಬಾಳಿದ ಕಾಲವೊಂದಿದ್ದಿತು.

ಹೆರಾತಿನ ಅರಸ ಶಾರುಖನ ರಾಯಭಾರಿಯಾಗಿ 1443ರಲ್ಲಿ ಪ್ರೌಢದೇವರಾಯನ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನು ಏಳು ಸುತ್ತಿನ ಕೋಟೆಯನ್ನೂ ರತ್ನಪಡಿವ್ಯಾಪಾರಿಗಳನ್ನೂ ವರ್ಣಿಸಿದನಷ್ಟೆ. ಉದ್ಯಾನಗಳಿಗೆ ಹೆಸರಾದ ಊರಿನಿಂದ ಬಂದ ಆ ರಸಿಕನ ಕಣ್ಣು ನಿಂತದ್ದು ಮಾತ್ರ ಗುಲಾಬಿಯ ಮೇಲೆ! ಎಲ್ಲೆಲ್ಲಿಯೂ ಗುಲಾಬಿ ಮಾರುವವರು, ಅದಿಲ್ಲದೆ ಬದುಕಲಾರದ ಜನರು ಎಂದು ಆತನು ಬರೆದಿಟ್ಟನು. ನುಣುಪಾಗಿ ಕಡೆದ ಕಲ್ಲಿನ ಕಾಲುವೆಗಳಲ್ಲಿ ನೀರು ಹರಿಯುತ್ತಿದ್ದುದನ್ನೂ ಆತನು ಮರೆಯದೆ ಹೇಳಿರುವನು. ನನಗೆ ಈ ಎರಡು ವರ್ಣನೆಗಳು ಬೇರೆಬೇರೆಯಲ್ಲ. ಮಳೆ ವಿರಳವಾದ ನಾಡಿನಲ್ಲಿ ಗುಲಾಬಿಯನ್ನು ಬೀದಿಗೆ ತಂದದ್ದು ತುಂಗಭದ್ರೆಯ ನೀರೇ ಅಲ್ಲವೆ? ಸಿರುಗುಪ್ಪ, ದೇಶನೂರುಗಳ ಕಾಲುವೆಗಳೂ ವಿಜಯನಗರದ ಅರಸರ ಕಾಲದವೇ. ಕೃಷ್ಣದೇವರಾಯನ ‘ಜಾಂಬವತೀ ಕಲ್ಯಾಣ’ವೆಂಬ ಸಂಸ್ಕೃತ ನಾಟಕವು ವಿರೂಪಾಕ್ಷನ ಚೈತ್ರೋತ್ಸವದಲ್ಲಿ ಪ್ರದರ್ಶಿತವಾಯಿತೆಂಬುದನ್ನು ನೆನೆದರೆ, ವಸಂತವು ಆ ರಾಜಧಾನಿಗೆ ಎಂತಹ ಹಬ್ಬವಾಗಿದ್ದಿತೆಂಬುದು ವಿದಿತವಾಗುತ್ತದೆ.

1565ರ ಯುದ್ಧ, ನಗರದ ನಾಶ, ಪಾಳೆಯಗಾರರು, ಕಂಪೆನಿಯ ಆಳ್ವಿಕೆ, ಇವೆಲ್ಲ ತಮಗೆ ತಿಳಿದ ಸಂಗತಿಯೇ. ಅನಂತರ ನಮ್ಮ ಅಂಗಳಗಳಿಗೆ ದೂರದ ಅತಿಥಿಗಳು ಬಂದವು. ಫ್ರಾನ್ಸಿನ ಬೂಗನ್‌ವಿಲ್ ಎಂಬ ನಾವಿಕನ ಯಾತ್ರೆಯಲ್ಲಿದ್ದ ಸಸ್ಯಶಾಸ್ತ್ರಜ್ಞ ಕೊಮರ್ಸನ್ನನು 1767ರಲ್ಲಿ ಬ್ರೆಜಿಲಿನಲ್ಲಿ ಸಂಗ್ರಹಿಸಿದ ಬಳ್ಳಿಯೇ ನಮ್ಮ ಕಾಗದದ ಹೂ. ಚೈತ್ರ ವೈಶಾಖಗಳಲ್ಲಿ ಕೆಂಡದಂತೆ ಅರಳುವ ಗುಲ್‌ಮೊಹರಿನ ತವರು ಮಡಗಾಸ್ಕರ್ ದ್ವೀಪ. ನೀರನ್ನು ಹೆಚ್ಚಾಗಿ ಬೇಡದ ಇವು ಬಳ್ಳಾರಿಯ ಬಿಸಿಲಿಗೆ ಒಲಿದವು.

ದೂರದ ಹೂಗಳೇ ಇಲ್ಲಿ ಅರಳುವಾಗ, ಕುರುಗೋಡಿನ ದೊಡ್ಡಬಸವೇಶ್ವರನಿಗೆ ನಮ್ಮ ಹಿತ್ತಿಲಿನದೇ ನಂದಿಬಟ್ಟಲನ್ನೋ ಕಣಗಿಲೆಯನ್ನೋ ಅರ್ಪಿಸಬಾರದೇಕೆ? ಎರೆಮಣ್ಣು ನೀರು ಹಿಡಿದು ಬೇರನ್ನು ಕೊಳೆಸುವುದಾದರೆ, ಗುಂಡಿಯನ್ನು ಅಗಲವಾಗಿ ತೋಡಿ, ಮಸಾರಿ ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಗಳನ್ನು ಬೆರೆಸಿ ತುಂಬಿರಿ. ಮಲ್ಲಿಗೆಯನ್ನು ಚಳಿಗಾಲದಲ್ಲಿ ಕೆಲದಿನ ನೀರು ನಿಲ್ಲಿಸಿ ಕತ್ತರಿಸಿ, ಬಳಿಕ ಗೊಬ್ಬರವಿತ್ತು ನೀರುಣಿಸಿದರೆ, ವಸಂತದ ಹೊತ್ತಿಗೆ ಚಿಗುರು ಚಿಗುರಿಗೂ ಮೊಗ್ಗು ಕಟ್ಟುತ್ತದೆ. ಬೇಸಗೆಯಲ್ಲಿ ನೀರು ಬೆಳಗಿನ ಜಾವಕ್ಕೋ ಸಂಜೆಗೋ ಇರಲಿ. ಬುಡಕ್ಕೆ ಒಣಗಿದ ಎಲೆಯ ಹೊದಿಕೆ ಇರಲಿ.