ಡ್ಯಾಶ್‌ಬೋರ್ಡಿನ ಮೇಲಿನ ಕಪ್ಪು ಗುಂಡಿ



ಚಡಚಣದಲ್ಲಿ ಬಾಡಿಗೆ ಕಾರು ಇಟ್ಟುಕೊಂಡಿರುವ ವೀಕ್ಷಕರೊಬ್ಬರು ನಮಗೊಂದು ಪತ್ರ ಬರೆದಿದ್ದಾರೆ. ಮದುವೆಯ ಜವಳಿ ಕೊಳ್ಳಲು ಬರುವವರನ್ನು ಝಳಕಿ ಕ್ರಾಸಿನಿಂದ ಕರೆತರುವುದು, ಊರಿನ ರೋಗಿಗಳನ್ನು ಸೊಲ್ಲಾಪುರದ ಆಸ್ಪತ್ರೆಗಳಿಗೆ ಕರೆದೊಯ್ಯುವುದು ಅವರ ಕಸುಬು. ಈಚೆಗೆ ಕೊಂಡ ಕಾರು ಸೆಕೆಂಡ್ ಹ್ಯಾಂಡ್. ಅದರ ಜೊತೆ ಬರಬೇಕಾದ ಕೈಪಿಡಿ ಬಂದಿಲ್ಲ. ಮುಂದಿನ ಗಾಜಿನ ಬುಡದಲ್ಲಿ, ಡ್ಯಾಶ್‌ಬೋರ್ಡಿನ ಮೇಲೆ, ಅಡಿಕೆ ಗಾತ್ರದ ಒಂದು ಕಪ್ಪು ಗುಂಡಿ ಇದೆಯಂತೆ. ಒತ್ತಿದರೆ ಒತ್ತುವುದಿಲ್ಲ, ತಿರುಗಿಸಿದರೆ ತಿರುಗುವುದಿಲ್ಲ. ಒಬ್ಬರು ಅದನ್ನು ಕ್ಯಾಮೆರಾ ಎಂದರು, ಇನ್ನೊಬ್ಬರು ಕಳ್ಳರ ಅಲಾರಂ ಎಂದರು. ಮಧ್ಯಾಹ್ನದ ಹೊತ್ತು ಎ.ಸಿ. ಸಾಲದಾದಾಗ ಗ್ಯಾರೇಜಿನ ಮಿಸ್ತ್ರಿ ಯಂತ್ರ ಹಚ್ಚಿ ನೋಡಿ, ಆ ಗುಂಡಿಯೇ ಕೆಟ್ಟಿದೆ, ಬದಲಿಸಬೇಕು ಎಂದರು. ಬದಲಿಸಲೇ, ಬೇಡವೇ ಎಂಬುದು ಅವರ ಪ್ರಶ್ನೆ. ಬಾಡಿಗೆಯ ಮೇಲೆ ಮನೆ ನಡೆಸುವವರಿಗೆ ಇದು ಸಣ್ಣ ಪ್ರಶ್ನೆಯಲ್ಲ.

ಆ ಗುಂಡಿ ಬಹುಮಟ್ಟಿಗೆ ಬಿಸಿಲನ್ನು ಅಳೆಯುವ ಸೆನ್ಸರ್, ಅಂದರೆ ಸಂವೇದಕ. ಬಿಸಿಯನ್ನಲ್ಲ, ಬಿಸಿಲನ್ನು. ಈ ಎರಡರ ವ್ಯತ್ಯಾಸ ನಮ್ಮ ಬಿಜಾಪುರ ಸೀಮೆಯ ಜನರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಏಪ್ರಿಲ್ ತಿಂಗಳಲ್ಲಿ ಬೇವಿನ ಮರದ ನೆರಳಿನಲ್ಲಿ ನಿಂತವನಿಗೂ ಅದರಿಂದ ನಾಲ್ಕು ಹೆಜ್ಜೆ ಆಚೆ ನಿಂತವನಿಗೂ ಸುತ್ತಲಿನ ಗಾಳಿಯ ಉಷ್ಣಾಂಶ ಹೆಚ್ಚುಕಡಿಮೆ ಒಂದೇ. ಆದರೂ ಆಚೆ ನಿಂತವನ ನೆತ್ತಿ ಸುಡುತ್ತದೆ. ನಿರ್ಮಲ ಆಕಾಶದ ನಡುಹಗಲಿನಲ್ಲಿ ಸೂರ್ಯ ಒಂದು ಚದರ ಮೀಟರಿನ ಮೇಲೆ ಸುಮಾರು 1000 ವಾಟ್ ಶಕ್ತಿಯನ್ನು ಸುರಿಯುತ್ತಾನೆ. ಕಾರಿನ ಗಾಜು ಅದರಲ್ಲಿ ದೊಡ್ಡ ಪಾಲನ್ನು ಒಳಗೆ ಬಿಡುತ್ತದೆ. ಕಾರಿನೊಳಗೆ ಥರ್ಮಾಮೀಟರ್ ಒಂದೇ ಇದ್ದರೆ ಅದು ಗಾಳಿಯ ಕಥೆಯನ್ನಷ್ಟೇ ಹೇಳೀತು. ಮುಂದೆ ಕುಳಿತವರ ತೊಡೆ, ತೋಳುಗಳ ಮೇಲೆ ಬೀಳುವ ಬಿಸಿಲಿನ ಸುದ್ದಿ ಅದಕ್ಕೆ ತಿಳಿಯದು. ಅದಕ್ಕಾಗಿ ಈ ಗುಂಡಿ.

ಗುಂಡಿಯ ಒಳಗಿರುವುದು ಫೋಟೋ ಡಯೋಡ್ ಎಂಬ ಪುಟ್ಟ ಬಿಲ್ಲೆ. ಬೆಳಕು ಹೆಚ್ಚು ಬಿದ್ದಷ್ಟೂ ಅದರ ಮೂಲಕ ಹೆಚ್ಚು ವಿದ್ಯುತ್ತು ಹರಿಯುತ್ತದೆ. ಮೇಲಿನ ಮುಚ್ಚಳ ಕಪ್ಪಗಿದ್ದರೆ ಬೆಳಕು ಹೇಗೆ ಹೊಕ್ಕೀತು ಎಂದು ನೀವು ಕೇಳಬಹುದು. ನಿಮ್ಮ ಟಿ.ವಿ.ಯನ್ನೇ ನೋಡಿ. ರಿಮೋಟಿನ ಅಪ್ಪಣೆಯನ್ನು ಅದು ಸ್ವೀಕರಿಸುವ ಕಿಂಡಿಯೂ ಸಾಮಾನ್ಯವಾಗಿ ಕಪ್ಪಗೇ ಇರುತ್ತದೆ. ನಮ್ಮ ಕಣ್ಣಿಗೆ ಕಪ್ಪಾಗಿ ಕಾಣುವ ಅಂಥ ಪ್ಲಾಸ್ಟಿಕ್ ಅವಕೆಂಪು ಕಿರಣಗಳಿಗೆ ಗಾಜಿನಂತೆ ಪಾರದರ್ಶಕ. ಸೂರ್ಯನ ಶಕ್ತಿಯಲ್ಲಿ ಸುಮಾರು ಅರ್ಧ ಬರುವುದು ಈ ಕಿರಣಗಳಿಂದಲೇ.

ಬಿಸಿಲು ಜೋರಾಗಿದೆ ಎಂಬ ಸುದ್ದಿ ಬಂದೊಡನೆ ಕಾರಿನ ಗಣಕ ಫ್ಯಾನಿನ ವೇಗ ಏರಿಸಿ, ಇನ್ನಷ್ಟು ತಂಪು ಗಾಳಿ ಬಿಡುತ್ತದೆ. ಆದರೆ ನಿಧಾನವಾಗಿ. ಇಲ್ಲದಿದ್ದರೆ ಸಾಲುಮರಗಳ ರಸ್ತೆಯಲ್ಲಿ ನೆರಳು ಬಿಸಿಲು ಬದಲಾದ ಹಾಗೆಲ್ಲ ಫ್ಯಾನು ಏದುಸಿರು ಬಿಡಬೇಕಾದೀತು. ಕೆಲವು ದುಬಾರಿ ಕಾರುಗಳಲ್ಲಿ ಎಡಕ್ಕೊಂದು, ಬಲಕ್ಕೊಂದು ಡಯೋಡ್ ಇದ್ದು, ಬಿಸಿಲು ಬಿದ್ದ ಬದಿಗೆ ಹೆಚ್ಚು ತಂಪು ಹೋಗುತ್ತದೆ. ಚಡಚಣದವರಿಗೆ ಇದರ ಪ್ರಯೋಜನ ತಿಳಿಯಲು ಒಂದು ಮಾತು ಸಾಕು. ಬೆಳಿಗ್ಗೆ ವಿಜಯಪುರಕ್ಕೆ ಹೊರಟರೆ ಮುಖ ದಕ್ಷಿಣಕ್ಕೆ, ಸೂರ್ಯ ಎಡಕ್ಕೆ. ಸಂಜೆ ಮರಳುವಾಗ ಮುಖ ಉತ್ತರಕ್ಕೆ, ಸೂರ್ಯ ಮತ್ತೆ ಎಡಕ್ಕೆ! ಬಲಗಡೆ ಕುಳಿತ ಚಾಲಕನಿಗೆ ಎರಡು ಹೊತ್ತೂ ನೆರಳು. ಬಾಡಿಗೆ ಕೊಟ್ಟು ಎಡಗಡೆ ಕುಳಿತವರಿಗೆ ಎರಡು ಹೊತ್ತೂ ಬಿಸಿಲು. ಎ.ಸಿ. ಸರಿಯಿದೆಯೋ ಇಲ್ಲವೋ ಎಂಬ ಜಗಳಗಳಲ್ಲಿ ಎಷ್ಟೋ ಇಲ್ಲಿಂದಲೇ ಹುಟ್ಟುತ್ತವೆ ಎಂದು ನನ್ನ ಗುಮಾನಿ.

ಇನ್ನು ಗುರುತು ಹಿಡಿಯುವ ಬಗೆ. ಮೊದಲು ಎ.ಸಿ.ಯ ಫಲಕ ನೋಡಿ. ಅದರಲ್ಲಿ ‘ಆಟೋ’ ಎಂಬ ಗುಂಡಿ ಇದ್ದು, ಬೇಕಾದ ಉಷ್ಣಾಂಶವನ್ನು 24, 25 ಎಂದು ಅಂಕಿಯಲ್ಲಿ ಇಡಲು ಬಂದರೆ ಅದು ತಾನೇ ನಡೆಯುವ ಹವಾನಿಯಂತ್ರಣ. ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ 1964ರಲ್ಲೇ ಬಂದಿದ್ದ ಏರ್ಪಾಡು ಇದು. ನೀಲಿಯಿಂದ ಕೆಂಪಿಗೆ ತಿರುಗಿಸುವ ಬರಿಯ ತಿರುಗಣಿ ಇದ್ದರೆ ಬಿಸಿಲಿನ ಸೆನ್ಸರಿಗೆ ಅಲ್ಲಿ ಕೆಲಸವಿಲ್ಲ. ಆಗ ಆ ಕಪ್ಪು ಗುಂಡಿ ಬೇರೇನೋ. ಹೆಡ್‌ಲೈಟಿನ ಸ್ವಿಚ್ಚಿನಲ್ಲಿಯೂ ‘ಆಟೋ’ ಇದ್ದರೆ, ಕತ್ತಲಾದಾಗ ದೀಪ ಹೊತ್ತಿಸುವ ಸೆನ್ಸರ್ ಅದಾಗಿರಬಹುದು. ಸ್ವಿಚ್ಚನ್ನು ಆಟೋದಲ್ಲಿಟ್ಟು, ಹಗಲಿನಲ್ಲಿ ಗುಂಡಿಯ ಮೇಲೆ ದಪ್ಪ ಬಟ್ಟೆ ಮುಚ್ಚಿ ಸ್ವಲ್ಪ ಕಾಯಿರಿ. ದೀಪ ಹೊತ್ತಿದರೆ ಉತ್ತರ ಸಿಕ್ಕಿತು. ಎಷ್ಟೋ ಕಾರುಗಳಲ್ಲಿ ಈ ಎರಡೂ ಒಂದೇ ಗುಂಡಿಯಲ್ಲಿ ಅಡಗಿರುತ್ತವೆ. ಕಾರಿಗೆ ಬೀಗ ಹಾಕಿದ ಮೇಲೆ ಕೆಂಪಗೆ ಮಿಣುಕಿದರೆ ಅಲಾರಮಿನ ದೀಪ. ಕ್ಯಾಮೆರಾ? ಚಾಲಕನ ಕಣ್ಣು ಮುಚ್ಚುತ್ತಿದೆಯೇ ಎಂದು ನೋಡುವ ಕ್ಯಾಮೆರಾ ಕೆಲವು ಹೊಸ ಕಾರುಗಳಲ್ಲಿ ಇರುವುದು ನಿಜ. ಆದರೆ ಅದು ಚಾಲಕನ ಮುಖದತ್ತ ತಿರುಗಿರುತ್ತದೆಯೇ ಹೊರತು ಆಕಾಶದತ್ತ ಅಲ್ಲ.

ಕಾರಿನೊಳಗಿನ ಗಾಳಿಯ ಬಿಸಿಯನ್ನು ಅಳೆಯುವವನು ಬೇರೊಬ್ಬನಿದ್ದಾನೆ. ಸ್ಟೇರಿಂಗಿನ ಆಸುಪಾಸಿನಲ್ಲೋ ಎ.ಸಿ. ಫಲಕದ ಬಳಿಯೋ ಹೆಬ್ಬೆರಳಿನಷ್ಟು ಜಾಗದಲ್ಲಿ ನಾಲ್ಕಾರು ಸೀಳುಗಳ ಜಾಲರಿ ಕಾಣುತ್ತದೆ. ಅದರ ಹಿಂದೆ ಥರ್ಮಿಸ್ಟರ್ ಇದೆ. ಬಿಸಿ ಏರಿದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ. ಗಾಳಿ ಸದಾ ಅದರ ಮೇಲೆ ಹಾಯುತ್ತಿರಬೇಕು; ಅದಕ್ಕಾಗಿ ಹಿಂದೆ ಒಂದು ಚಿಕ್ಕ ಫ್ಯಾನೋ, ಗಾಳಿ ಸೆಳೆಯುವ ಕೊಳವೆಯೋ ಇರುತ್ತದೆ. ಎ.ಸಿ. ಓಡುತ್ತಿರುವಾಗ ತೆಳು ಕಾಗದದ ಚೂರೊಂದನ್ನು ಜಾಲರಿಗೆ ಹಿಡಿಯಿರಿ. ಮೆಲ್ಲಗೆ ಅಂಟಿಕೊಂಡರೆ ಒಳಗೆ ಉಸಿರಾಟ ನಡೆದಿದೆ. ಎರೆಮಣ್ಣಿನ ಧೂಳು, ಊದುಬತ್ತಿಯ ಬೂದಿ ಸೇರಿ ಜಾಲರಿ ಕಟ್ಟಿದ್ದರೆ ಮೃದುವಾದ ಬ್ರಷ್ಷಿನಿಂದ ತೆಗೆದರಾಯಿತು, ಖರ್ಚಿಲ್ಲ. ಹೊರಗಿನ ಗಾಳಿಯನ್ನು ಅಳೆಯುವ ಮತ್ತೊಂದು ಸೆನ್ಸರ್ ಮುಂದಿನ ಬಂಪರಿನ ಹಿಂದಿರುತ್ತದೆ, ಈಗ ಅದರ ಗೊಡವೆ ಬೇಡ.

ಪತ್ರದ ಮುಖ್ಯ ವಿಷಯಕ್ಕೆ ಬರೋಣ. ಮಿಸ್ತ್ರಿ ಹಚ್ಚಿದ ಯಂತ್ರ ಸುಳ್ಳು ಹೇಳಿರಲಾರದು. ಆದರೆ ಅದನ್ನು ಎಲ್ಲಿ ಹಚ್ಚಿದರು? ತಗಡಿನ ಸೂರಿನ ಕೆಳಗೆ! ಬಿಸಿಲು ಅಳೆಯುವ ಸಾಧನವನ್ನು ನೆರಳಿನಲ್ಲಿ ನಿಲ್ಲಿಸಿ ಕೇಳಿದರೆ ಅದು ಬಿಸಿಲಿಲ್ಲ ಎನ್ನುತ್ತದೆ. ಗಣಕ ಅದನ್ನೇ ತಂತಿ ಕಡಿದಿದೆ ಎಂದು ಓದಿಕೊಳ್ಳಬಹುದು. ನಮ್ಮ ಬಿಡದಿಯಲ್ಲಿ ಕಾರ್ಖಾನೆ ಇರುವ ಟೊಯೊಟಾ ಕಂಪನಿಯ ರಿಪೇರಿ ಕೈಪಿಡಿಗಳಲ್ಲೇ, ಕತ್ತಲ ಜಾಗದಲ್ಲಿ ಪರೀಕ್ಷಿಸಿದರೆ ಸೆನ್ಸರ್ ಸರಿಯಿದ್ದರೂ ದೋಷದ ಸಂಕೇತ ಬರಬಹುದು ಎಂಬ ಎಚ್ಚರಿಕೆ ಇದೆ. ಟ್ಯೂಬ್‌ಲೈಟ್, ಎಲ್.ಇ.ಡಿ. ದೀಪಗಳ ಬೆಳಕೂ ಇಲ್ಲಿ ಪ್ರಯೋಜನಕ್ಕೆ ಬಾರದು, ಅವುಗಳಲ್ಲಿ ಅವಕೆಂಪು ಕಿರಣಗಳು ತೀರ ಕಡಿಮೆ. ಕಾರನ್ನು ಬಿಸಿಲಿಗೆ ತಂದು, ಸಂಕೇತ ಅಳಿಸಿ, ಮತ್ತೊಮ್ಮೆ ಯಂತ್ರ ಹಚ್ಚಲು ಹೇಳಿ. ಮಳೆಗಾಲವಾದರೆ ಹಳೆಯ ಅರವತ್ತು ವಾಟಿನ ಗಾಜಿನ ಬಲ್ಬನ್ನು ಗುಂಡಿಯ ಹತ್ತಿರ ಹಿಡಿದರೂ ನಡೆಯುತ್ತದೆ. ಸಂಕೇತ ಮರಳಿ ಬಾರದಿದ್ದರೆ ಸೆನ್ಸರ್ ಗಟ್ಟಿಮುಟ್ಟಾಗಿದೆ.

ಹಾಗಾದರೆ ಮಧ್ಯಾಹ್ನ ತಂಪೇಕೆ ಸಾಲದು? ಗುಂಡಿಯ ಮೇಲೆ ಏನಿದೆ ನೋಡಿ. ಡ್ಯಾಶ್‌ಬೋರ್ಡಿಗೆ ಮಖಮಲ್ಲಿನ ಹೊದಿಕೆ, ಅದರ ಮೇಲೆ ದೇವರ ಮೂರ್ತಿ, ಮೂರ್ತಿಗೆ ಹೂವಿನ ಹಾರ, ಪಕ್ಕದಲ್ಲಿ ಇಂಡಿಯ ಎರಡು ಲಿಂಬೆಹಣ್ಣು. ನಾನೂ ನನ್ನ ಗಾಡಿಯಲ್ಲಿ ಮೂರ್ತಿ ಇಟ್ಟವನೇ, ಬೇಡವೆನ್ನುವುದಿಲ್ಲ. ಒಂದು ಗೇಣು ಆಚೆ ಇಡಿ, ಹೊದಿಕೆಯಲ್ಲಿ ಗುಂಡಿಯ ಅಳತೆಗೆ ತೂತು ಮಾಡಿ. ಮುಚ್ಚಿದ ಸೆನ್ಸರಿನ ಮಟ್ಟಿಗೆ ಚೈತ್ರದ ನಡುಹಗಲೂ ಶ್ರಾವಣದ ಮೋಡವೇ. ಅದನ್ನು ನಂಬಿದ ಗಣಕ ಫ್ಯಾನು ಇಳಿಸುತ್ತದೆ. ರೋಗಿ ಹಿಂದಿನ ಸೀಟಿನಲ್ಲಿ ಬೆವರುತ್ತಾನೆ.

ಇನ್ನೂ ಅನುಮಾನವಿದ್ದರೆ ಉಷ್ಣಾಂಶವನ್ನು ತೀರ ಕೆಳಕ್ಕೆ, ‘ಲೋ’ ಎಂದು ಬರುವ ತನಕ ಇಳಿಸಿ, ಫ್ಯಾನನ್ನು ಕೈಯಿಂದಲೇ ಪೂರ್ತಿ ಏರಿಸಿ. ಆಗ ಗಣಕ ಸೆನ್ಸರುಗಳ ಲೆಕ್ಕಾಚಾರ ಬದಿಗಿಟ್ಟು ಇರುವಷ್ಟು ತಂಪನ್ನೂ ಬಿಡುತ್ತದೆ. ಆಗಲೂ ತಂಪು ಸಾಲದಿದ್ದರೆ ತಪ್ಪು ಗುಂಡಿಯದಲ್ಲ. ಗ್ಯಾಸು, ಕಂಪ್ರೆಸರ್, ಮುಂದಿನ ಕಂಡೆನ್ಸರಿಗೆ ಮೆತ್ತಿದ ಧೂಳು, ಒಳಗಿನ ಫಿಲ್ಟರ್ ಇವನ್ನು ನೋಡಿಸಬೇಕು.

ಬಿಸಿಲಿನಲ್ಲಿ ಪರೀಕ್ಷಿಸಿದ ಮೇಲೂ ಸೆನ್ಸರ್ ಕೆಟ್ಟಿದೆ ಎಂದೇ ತೀರ್ಮಾನವಾದರೆ, ಸ್ಕ್ರೂ ಡ್ರೈವರ್ ಹಾಕಿ ಮೀಟಲು ಹೋಗಬೇಡಿ. ಹತ್ತಿರದಲ್ಲೇ ಎಡಗಡೆಯ ಏರ್‌ಬ್ಯಾಗಿನ ಮುಚ್ಚಳವಿರುತ್ತದೆ. ಬಲ್ಲವರೇ ಬ್ಯಾಟರಿಯ ತಂತಿ ಕಳಚಿ ತೆಗೆಯಲಿ. ಒಂದೇ ತೆರನಾಗಿ ಕಾಣುವ ಗುಂಡಿಗಳು ಒಳಗೆ ಬೇರೆ ಬೇರೆ ಇರುತ್ತವೆ, ಆದ್ದರಿಂದ ಮಾದರಿ ತೋರಿಸಿ ಕೊಳ್ಳಬಾರದು. ಅದರ ತಳದಲ್ಲಿ ಅಚ್ಚಾದ ಸಂಖ್ಯೆಯನ್ನೂ, ನಿಮ್ಮ ಆರ್.ಸಿ.ಯಲ್ಲಿರುವ ಚಾಸಿಸ್ ಸಂಖ್ಯೆಯನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಬಿಡಿಭಾಗದ ಅಂಗಡಿಗೆ ಹೋಗಿ.