ಬಡಾವಣೆಯ ನಕ್ಷೆಯಲ್ಲಿ ಹಳ್ಳಿಯ ಶಾಲೆ

(ಶಿವಪುರದಲ್ಲಿ ನೀಡಿದ ದತ್ತಿ ಉಪನ್ಯಾಸ)



1938ರ ಏಪ್ರಿಲ್‌ನಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಧ್ವಜ ಸತ್ಯಾಗ್ರಹ ನಡೆದ ಊರು ಇದು. ಇಲ್ಲಿಗೆ ಬಂದವರು ಆ ಕಥೆಯನ್ನೇ ಹೇಳುವುದು ವಾಡಿಕೆ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಸೈಟುಗಳ ವಿಚಾರ ಎತ್ತಿಕೊಳ್ಳುತ್ತೇನೆ. ಸೈಟು ಕೊಂಡವರ ಮಕ್ಕಳು ಎಲ್ಲಿ ಓದಬೇಕು ಎಂಬುದೇ ಇವತ್ತಿನ ವಿಷಯ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ನಮ್ಮ ಗೆಜ್ಜಲಗೆರೆಯಲ್ಲೇ ಉದ್ಘಾಟನೆಯಾಯಿತು. ರಸ್ತೆಯ ಹಿಂದೆಯೇ ಬಡಾವಣೆ ಬರುತ್ತದೆ. ಯಾವುದೇ ಹೊಸ ಬಡಾವಣೆಯ ಕಮಾನು ದಾಟಿ ಒಳಗೆ ಹೋಗಿ. ತಗಡಿನ ಶೆಡ್ಡಿನಲ್ಲಿ ಬಣ್ಣದ ನಕ್ಷೆ ತೂಗುಹಾಕಿರುತ್ತಾರೆ. ಹಳದಿ ಎಲ್ಲ ಸೈಟು, ಹಸಿರು ಪಾರ್ಕು, ಮೂಲೆಯಲ್ಲೊಂದು ಕೆಂಪು ಚೌಕ. ಅದು ಸಿ.ಎ. ಸೈಟು, ಅಂದರೆ ನಾಗರಿಕ ಸೌಲಭ್ಯಕ್ಕೆ ಬಿಟ್ಟ ಜಾಗ. ಏನು ಬರುತ್ತದೆಂದು ಕೇಳಿದರೆ ಏಜೆಂಟು ತಡವರಿಸುವುದಿಲ್ಲ: "ಅಲ್ಲಿ ಸ್ಕೂಲ್ ಬತ್ತದೆ ಸಾ."

ಬರುತ್ತದೆಯೇ? ಲೆಕ್ಕ ಹಾಕೋಣ. ಬೆಂಗಳೂರಿನ 2015ರ ಮಹಾಯೋಜನೆ ಬಡಾವಣೆಯ ಶೇ. 10 ಭಾಗ ಪಾರ್ಕಿಗೆ, ಶೇ. 5 ಭಾಗ ನಾಗರಿಕ ಸೌಲಭ್ಯಕ್ಕೆ ಎಂದು ಗೊತ್ತುಮಾಡಿತ್ತು. ಅದೇ ಅಳತೆ ಹಿಡಿದರೆ ಹತ್ತು ಎಕರೆಯ ಬಡಾವಣೆಯಲ್ಲಿ ಸಿ.ಎ. ಜಾಗ 20 ಗುಂಟೆ. ಕೇಂದ್ರದ ನಗರ ಯೋಜನಾ ಮಾರ್ಗಸೂಚಿ ಐದು ಸಾವಿರ ಜನಸಂಖ್ಯೆಗೆ ಒಂದು ಪ್ರಾಥಮಿಕ ಶಾಲೆ, ಅದಕ್ಕೆ 0.40 ಹೆಕ್ಟೇರು ಎನ್ನುತ್ತದೆ. ನಮ್ಮ ಭಾಷೆಯಲ್ಲಿ ಒಂದೆಕರೆಗೆ ಚೂರು ಕಮ್ಮಿ. ಹತ್ತು ಎಕರೆಯಲ್ಲಿ ಥರ್ಟಿ–ಫಾರ್ಟಿ ಸೈಟು ಇನ್ನೂರು ಬಿದ್ದರೆ ಹೆಚ್ಚು. ಮನೆಗೆ ನಾಲ್ವರಂತೆ ಎಂಟುನೂರು ಜನ. ಅಂಥ ಆರು ಬಡಾವಣೆ ಸೇರಿದರೆ ಒಂದು ಶಾಲೆಯಷ್ಟು ಜನವಾಗುತ್ತಾರೆ. ಅಷ್ಟರಲ್ಲಿ ಸಿ.ಎ. ಜಾಗ ಒಟ್ಟು ಮೂರು ಎಕರೆ ಇರುತ್ತದೆ, ಆರು ತುಂಡಾಗಿ, ಆರು ಕಾಂಪೌಂಡಿನೊಳಗೆ. ಒಂದರಲ್ಲೂ ಶಾಲೆ ಕಟ್ಟಲಾಗದು. ಕಾನೂನು ಪಾಲನೆಯಾಗಿರುತ್ತದೆ, ಮಗು ವ್ಯಾನಿನಲ್ಲಿರುತ್ತದೆ.

ಹಿಂದೆ ಹೀಗೆ ಯೋಚಿಸುತ್ತಿರಲಿಲ್ಲ. ಅಮೆರಿಕದ ಕ್ಲಾರೆನ್ಸ್ ಪೆರಿ 1929ರಲ್ಲೇ ವಸತಿ ಪ್ರದೇಶದ ಗಾತ್ರವನ್ನು ಶಾಲೆಯಿಂದ ಅಳೆದ. ಒಂದು ಪ್ರಾಥಮಿಕ ಶಾಲೆ ತುಂಬುವಷ್ಟು ಮನೆಗಳು, ಮಗು ದೊಡ್ಡ ರಸ್ತೆ ದಾಟಬಾರದು. 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದ ಒಟ್ಟೊ ಕೋನಿಗ್ಸ್‌ಬರ್ಗರ್ 1948ರಲ್ಲಿ ಭುವನೇಶ್ವರದ ನಕ್ಷೆ ಬರೆದದ್ದೂ ಇದೇ ತತ್ತ್ವದ ಮೇಲೆ. ಅಲ್ಲಿ ಇಡೀ ಊರನ್ನು ಒಂದೇ ಕೈ ಬರೆಯಿತು. ನಮ್ಮಲ್ಲಿ ಹತ್ತು ಎಕರೆಗೊಂದು ಕೈ.

ಇನ್ನು ಕಾಲದ ಪ್ರಶ್ನೆ. ಸೈಟು ಕೊಂಡವರೆಲ್ಲ ಮನೆ ಕಟ್ಟುವುದಿಲ್ಲ. ಬೆಂಗಳೂರಿನ ಕೆಂಪೇಗೌಡ ಬಡಾವಣೆಯಲ್ಲಿ ಬಿಡಿಎ 2016ರಲ್ಲಿ ನಿವೇಶನ ಹಂಚಲು ಶುರುಮಾಡಿತು, ಎಷ್ಟೋ ವರ್ಷ ಅಲ್ಲಿ ಮನೆಗಿಂತ ಖಾಲಿ ಜಾಗವೇ ಹೆಚ್ಚು. ಮೊದಲು ಬಂದ ಹತ್ತು ಮನೆಯವರಿಗೆ ಶಾಲೆ ಸಿಗುವುದಿಲ್ಲ, ಅವರು ಹಳದಿ ಬಸ್ಸು ಹಿಡಿಯುತ್ತಾರೆ. ನೂರನೆಯ ಮನೆಯವರು ಅವರನ್ನು ನೋಡಿ ಅದನ್ನೇ ಹಿಡಿಯುತ್ತಾರೆ. ಆಮೇಲೆ ಶಾಲೆ ಬಂದರೂ ಮಕ್ಕಳು ಬರುವುದಿಲ್ಲ, ಇಲಾಖೆ ದಾಖಲಾತಿ ಕಮ್ಮಿ ಎಂದು ಬರೆದುಕೊಳ್ಳುತ್ತದೆ. ಮಕ್ಕಳ ಸಂಖ್ಯೆಯೂ ನಿಂತ ನೀರಲ್ಲ. ರಾಜ್ಯದ ಫಲವತ್ತತೆಯ ದರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1.7. ಹೊಸ ದಂಪತಿಗಳು ತುಂಬಿದ ಬಡಾವಣೆಯಲ್ಲಿ ಒಂದೆರಡು ದಶಕ ಮಕ್ಕಳು ಗಿಜಿಗುಡುತ್ತಾರೆ, ಆಮೇಲೆ ಇಳಿಮುಖ. ಆ ಏರಿಗೇ ತಕ್ಕಂತೆ ಕಟ್ಟಿದ ಕಟ್ಟಡ ಇಳಿತದಲ್ಲಿ ಬೀಗ ಹಾಕಿಸಿಕೊಳ್ಳುತ್ತದೆ.

ಹಾಗಾದರೆ ಜಾಗ ಕಾಯುವುದು ದಂಡವೇ? ಖಂಡಿತ ಅಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಮುಖ್ಯಮಂತ್ರಿಗಳ ಆದೇಶದ ಮೇಲೆ ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಹೈಕೋರ್ಟಿನಲ್ಲಿ ಗೆದ್ದರು, 1991ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ನಕ್ಷೆಯಲ್ಲಿ ಬಿಟ್ಟ ಜಾಗ ಜನರದು, ಕೇಳುವ ಹಕ್ಕು ಅಲ್ಲಿ ವಾಸಿಸುವವರಿಗಿದೆ ಎಂಬುದು ಆ ತೀರ್ಪಿನ ತಿರುಳು. ಆ ನಿವಾಸಿಗಳು ಸುಶಿಕ್ಷಿತರು, ಕೈಲಿ ಕಾಸಿದ್ದವರು ಎಂಬ ಮಾತನ್ನೂ ಸೇರಿಸಿಯೇ ಹೇಳಬೇಕು.

ನನ್ನ ಸಲಹೆ ಬೇರೆ ಕಡೆಯದು. ನಮ್ಮ ಬಡಾವಣೆಗಳು ಬಯಲಲ್ಲಿ ಹುಟ್ಟುವುದಿಲ್ಲ, ಯಾವುದೋ ಹಳ್ಳಿಯ ಗದ್ದೆಯಲ್ಲಿ ಹುಟ್ಟುತ್ತವೆ. ಆ ಹಳ್ಳಿಯಲ್ಲಿ ಬಹುತೇಕ ಈಗಾಗಲೇ ಒಂದು ಸರ್ಕಾರಿ ಪ್ರಾಥಮಿಕ ಶಾಲೆ ಇರುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯಡಿ ನಮ್ಮ ರಾಜ್ಯದ ನಿಯಮ ಐದನೆಯ ತರಗತಿಯವರೆಗೆ ಒಂದು ಕಿಲೋಮೀಟರಿನೊಳಗೆ, ಎಂಟರವರೆಗೆ ಮೂರು ಕಿಲೋಮೀಟರಿನೊಳಗೆ ಶಾಲೆ ಇರಬೇಕೆನ್ನುತ್ತದೆ. ಆ ಶಾಲೆ ಹೊಸಬರ ಮಕ್ಕಳದೂ ಹೌದು. ಆದರೆ ಬಡಾವಣೆಯ ನಕ್ಷೆಯಲ್ಲಿ ಅದನ್ನು ಹುಡುಕಿ ನೋಡಿ, ಗಡಿಗೆರೆಯ ಆಚೆ ಬರೀ ಸರ್ವೆ ನಂಬರು!

ಹೊಸಬರು ಒಮ್ಮೆ ನೋಡಿಹೋಗಲೆಂದು ಬಂದರೂ ಒಂದರಿಂದ ಮೂರನೆಯವರೆಗಿನ ಮಕ್ಕಳು ನಲಿಕಲಿಯ ದುಂಡು ಮೇಜುಗಳ ಸುತ್ತ ಕೂತಿರುವುದನ್ನು ಕಂಡು, "ಮೂರು ಕ್ಲಾಸಿಗೆ ಒಂದೇ ರೂಮಾ?" ಎಂದು ಹಿಂದೆ ಸರಿಯುತ್ತಾರೆ. ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ಪದ್ಧತಿ ಅದು, ಬೇಕೆಂದೇ ಹಾಗೆ ಕೂರಿಸಿದ್ದು ಎಂದು ಹೇಳುವವರು ಅಲ್ಲಿರುವುದಿಲ್ಲ. ಇರುವ ಇಬ್ಬರು ಟೀಚರಲ್ಲಿ ಒಬ್ಬರು ಮೀಟಿಂಗಿಗೆ ಹೋಗಿರುತ್ತಾರೆ. ಅಂಥ ಶಾಲೆಗೆ ಬೇಕಾದದ್ದು ನಾಲ್ಕು ಕೊಠಡಿ, ತರಗತಿಗೊಬ್ಬ ಶಿಕ್ಷಕರು, ಆಟಕ್ಕೆ ಅರ್ಧ ಎಕರೆ. ಹೊಸ ಶಾಲೆ ತೆರೆಯುವುದಕ್ಕಿಂತ ಇದು ಅಗ್ಗ, ಮೊದಲ ಮನೆಯ ಗೃಹಪ್ರವೇಶಕ್ಕೆ ಮುಂಚೆಯೇ ಆಗಿಬಿಡುವಂಥದ್ದು.

ದಾರಿ ಕಷ್ಟದ್ದಲ್ಲ. ಬಡಾವಣೆಗೆ ಒಪ್ಪಿಗೆ ಕೊಡುವ ಕಡತದಲ್ಲಿ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಅವರದೊಂದು ಹಾಳೆ ಇರಲಿ: ಒಂದು ಕಿಲೋಮೀಟರಿನಲ್ಲಿ ಯಾವ ಶಾಲೆ, ಎಷ್ಟು ಕೊಠಡಿ, ಎಷ್ಟು ಮಕ್ಕಳಿಗೆ ಜಾಗ. ಸಿ.ಎ. ಗುಂಟೆಗಳನ್ನು ಮೂಲೆಗೆ ತಳ್ಳದೆ ಶಾಲೆಯ ಕಾಂಪೌಂಡಿಗೆ ತಾಗಿಸಿ ಬಿಡಿಸಲಿ. ಪಕ್ಕದ ಬಡಾವಣೆಯ ತುಂಡೂ ಅಲ್ಲಿಗೇ ಕೂಡಲಿ. ಶಾಲಾಭಿವೃದ್ಧಿ ಸಮಿತಿಗೆ (ಎಸ್‌ಡಿಎಂಸಿ) ಹೊಸಬರನ್ನೂ ಕರೆಯಿರಿ, ದುಡ್ಡು ಕೇಳುವುದಕ್ಕಷ್ಟೇ ಅಲ್ಲ.

ಕೊನೆಗೆ ಗೇಟಿನ ಮಾತು. ಬಡಾವಣೆಗಳ ಗೋಡೆ ಹಳ್ಳಿಯ ಕಡೆಗೆ ಕುರುಡು, ಹೆದ್ದಾರಿಯ ಕಡೆಗೆ ಮಾತ್ರ ಕಮಾನು. ಹಾಗಾಗಿ ಗೋಡೆಯಾಚೆ ಕಾಣುವ ಶಾಲೆಗೆ ಮಗು ಹೆದ್ದಾರಿ ಸುತ್ತಿ ಹೋಗಬೇಕು. ಹಳ್ಳಿಯ ಕಡೆಗೂ ಒಂದು ಗೇಟು ಬಿಡದಿದ್ದರೆ ನಕ್ಷೆಗೆ ಸಹಿ ಹಾಕಬಾರದು. ಕಳ್ಳಕಾಕರ ಭಯವೆಂದರೆ ಬೆಳಿಗ್ಗೆ ಮತ್ತು ಸಂಜೆ ಶಾಲೆಯ ಹೊತ್ತಿಗೆ ತೆರೆದು ಮಿಕ್ಕ ಹೊತ್ತು ಬೀಗ ಹಾಕಿಕೊಳ್ಳಲಿ, ಯಾರೂ ಬೇಡವೆನ್ನುವುದಿಲ್ಲ.