ಡಾಕ್ಟರರಷ್ಟೇ ಸಾಲದು

ಯುದ್ಧದಿಂದಲೋ ಭೂಕಂಪದಿಂದಲೋ ನಲುಗಿದ ದೇಶಕ್ಕೆ ನೆರವಿಗೆ ಹೋಗುವವರೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ಡಾಕ್ಟರು, ನರ್ಸು. ಆದರೆ ಕಾಲರಾ ಹಬ್ಬಿದ ಶಿಬಿರಕ್ಕೆ ಶುದ್ಧ ನೀರು, ಶೌಚಾಲಯ ಬೇಕು. ಅದು ಎಂಜಿನಿಯರರ ಕೆಲಸ. ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲೇ ಹಳ್ಳಿ ಮುಟ್ಟಬೇಕು. ಜನರೇಟರ್ ಕೈಕೊಟ್ಟರೆ ಮೆಕ್ಯಾನಿಕ್ ಬೇಕು. 1971ರಲ್ಲಿ ಪ್ಯಾರಿಸ್ಸಿನಲ್ಲಿ 'ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್' ಕಟ್ಟಿದವರಲ್ಲಿ ವೈದ್ಯರ ಜೊತೆ ಪತ್ರಕರ್ತರೂ ಇದ್ದರು. ಇಂದಿಗೂ ಅದು ಲೆಕ್ಕಪತ್ರ ನೋಡುವವರನ್ನು, ಸರಕು ಸಾಗಿಸುವವರನ್ನು ಕರೆಯುತ್ತದೆ.

ಅದೇ 1971. ನಿರಾಶ್ರಿತರಿಂದ ತುಂಬಿದ ಪಶ್ಚಿಮ ಬಂಗಾಳದ ಬನಗಾಂವ್. ಕಾಲರಾ ರೋಗಿಗಳಿಗೆ ಡ್ರಿಪ್ ಸಾಲದಾದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಲು ಹೇಳಿದರು. ಸುಮಾರು ಶೇ. 30ರಷ್ಟಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು. ಚಿಕಿತ್ಸೆ ನೀಡಿದವರಲ್ಲಿ ಬಹುಮಂದಿ ಡಾಕ್ಟರರಲ್ಲ, ಮನೆಯವರೇ!

ಹಾಗೆಂದು ರಜೆಯಲ್ಲಿ ಒಂದು ವಾರ ಹೋಗಿ ಸೇವೆ ಮಾಡಿಬರುತ್ತೇನೆ ಎನ್ನುವ ಉತ್ಸಾಹ, ನನ್ನ ಮಟ್ಟಿಗೆ, ಶಿಬಿರಕ್ಕೆ ಹೊರೆಯೇ. ಅಲ್ಲಿ ದುಡಿಯುವವರಲ್ಲಿ ಬಹುಪಾಲು ಆಯಾ ದೇಶದವರೇ. ಹೊರಗಿನಿಂದ ಹೋಗುವವರು ಕೆಲವು ವರ್ಷ ಊರಲ್ಲೇ ಕೆಲಸ ಮಾಡಿ ಕೈ ಪಳಗಿಸಿಕೊಂಡಿರಬೇಕು, ತಿಂಗಳುಗಟ್ಟಲೆ ನಿಲ್ಲಬೇಕು. ಕಾಂಗೋಗೋ ಚಾಡ್‌ಗೋ ಹೋಗುವ ಮನಸ್ಸಿದ್ದರೆ ಫ್ರೆಂಚ್ ಕಲಿಯಲು ಈಗಲೇ ಶುರುಮಾಡಿ.